ಓಟಾನಿಯ ಖಾತೆ, ಇನ್ನೊಬ್ಬನ ಫೋನ್ ನಂಬರ್



ಈ ಸಲದ ಸಂಪಾದಕೀಯಕ್ಕೆ ಒಬ್ಬ ಬೇಸ್‌ಬಾಲ್ ಆಟಗಾರನ ಕತೆ ಎತ್ತಿಕೊಂಡಿದ್ದೇನೆ. ಬೇಸ್‌ಬಾಲ್ ನನಗೂ ಅಷ್ಟಕ್ಕಷ್ಟೆ. ಕ್ಯಾಲಿಫೋರ್ನಿಯಾಕ್ಕೆ ಬಂದು ಹತ್ತು ವರ್ಷವಾದರೂ ಒಂದು ಪಂದ್ಯವನ್ನು ಕೊನೆತನಕ ಕೂತು ನೋಡಿದವನಲ್ಲ. ಆದರೆ ಹೊಟ್ಟೆಪಾಡಿಗೆ ನಾನು ಬರೆಯುವುದು ಲಾಗಿನ್ ಪರದೆಯ ಹಿಂದಿನ ಕೋಡು. ಹಾಗಾಗಿ ಶೋಹೆ ಓಟಾನಿಯ ಬ್ಯಾಂಕ್ ಖಾತೆಯಿಂದ ಸುಮಾರು 1 ಕೋಟಿ 70 ಲಕ್ಷ ಡಾಲರ್ ಹೇಗೆ ಮಾಯವಾಯಿತು ಎಂಬ ವಿವರ 2024ರ ಏಪ್ರಿಲ್‌ನಲ್ಲಿ ಹೊರಬಿದ್ದಾಗ ಆಫೀಸಿನ ಕೆಲಸ ಬದಿಗಿಟ್ಟು ಓದಿದೆ. ಓದುತ್ತ ಹೋದಂತೆ ಇದು ಆಟದ ಕತೆಯಲ್ಲ, ನುಡಿಯ ಕತೆ ಅನ್ನಿಸಿತು.

ಓಟಾನಿ ಜಪಾನಿನಿಂದ ಇಲ್ಲಿನ ಲೀಗಿಗೆ ಬಂದದ್ದು 2018ರಲ್ಲಿ. ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಆ ವರ್ಷ ಅರಿಜೋನಾದ ಬ್ಯಾಂಕ್ ಶಾಖೆಯೊಂದರಲ್ಲಿ ಖಾತೆ ತೆರೆಯುವಾಗ ಪಕ್ಕದಲ್ಲಿ ನಿಂತು ಭಾಷಾಂತರ ಮಾಡಿದವನು ಅವನ ದುಭಾಷಿ, ಗೆಳೆಯ ಇಪ್ಪೇ ಮಿಜುಹಾರಾ. ಸಂಬಳ ಬಂದು ಬೀಳುತ್ತಿದ್ದದ್ದು ಅದೇ ಖಾತೆಗೆ. ಮುಂದೆ ಜೂಜಿನ ಸಾಲ ತಲೆಗೇರಿದಾಗ ಮಿಜುಹಾರಾ ಯಾವ ಪಾಸ್‌ವರ್ಡನ್ನೂ ಒಡೆಯಲು ಹೋಗಲಿಲ್ಲ. ಖಾತೆಗೆ ಜೋಡಿಸಿದ್ದ ಫೋನ್ ನಂಬರ್ ಮತ್ತು ಇಮೇಲನ್ನು ತನ್ನದಕ್ಕೆ ಬದಲಾಯಿಸಿದ. ಅಲ್ಲಿಗೆ ಮುಗಿಯಿತು ನೋಡಿ! ಬ್ಯಾಂಕಿನ ಪ್ರತಿ ಎಚ್ಚರಿಕೆಯೂ ಕಳ್ಳನ ಕೈಗೇ ಹೋಗತೊಡಗಿತು.

2025ರ ಜನವರಿಯಲ್ಲಿ ಸರ್ಕಾರಿ ವಕೀಲರು ಒಂದು ಫೋನ್ ಕರೆಯ ಧ್ವನಿಮುದ್ರಣವನ್ನು ಬಹಿರಂಗಪಡಿಸಿದರು. ಬ್ಯಾಂಕಿನವರು ಹೆಸರು ಕೇಳುತ್ತಾರೆ, ಈತ ಓಟಾನಿ ಅನ್ನುತ್ತಾನೆ. ಫೋನಿಗೆ ಬಂದ ಆರು ಅಂಕಿಯ ಕೋಡ್ ಕೇಳುತ್ತಾರೆ, ಓದಿ ಹೇಳುತ್ತಾನೆ. ಹಣ ಯಾತಕ್ಕೆ ಅಂದರೆ ಕಾರಿನ ಸಾಲಕ್ಕೆ ಅನ್ನುತ್ತಾನೆ. ಯಾರಿಗೆ ಅಂದರೆ ಗೆಳೆಯನಿಗೆ. ಇಂಥ ಕರೆಗಳು ಸುಮಾರು ಇಪ್ಪತ್ತನಾಲ್ಕು. ಕೋಡು ಬರೆಯುವವನಾಗಿ ಒಂದು ಮಾತು ಹೇಳಲೇಬೇಕು: ಆ ಆರು ಅಂಕಿ ಫೋನು ಯಾರ ಕೈಯಲ್ಲಿದೆ ಎಂದು ಹೇಳುತ್ತದೆಯೇ ಹೊರತು ಮಾತಾಡುತ್ತಿರುವವನು ಯಾರು ಎಂದು ಹೇಳುವುದಿಲ್ಲ. ನಂಬರ್ ಬದಲಾವಣೆಯ ಸುದ್ದಿ ಹಳೆಯ ನಂಬರಿಗೂ ಹಳೆಯ ಇಮೇಲಿಗೂ ಹೋಗಬೇಕು, ಬದಲಾಯಿಸಿದ ಮೇಲೆ ಕೆಲವು ದಿನ ದೊಡ್ಡ ಮೊತ್ತ ಕಳಿಸಲು ಬಿಡಬಾರದು. ನಮ್ಮ ಕಸುಬಿನವರಿಗೆ ಇದು ಮೊದಲ ಪಾಠ.

ಓಟಾನಿಗೆ ಏಜೆಂಟ್ ಇದ್ದ, ಲೆಕ್ಕ ನೋಡುವವರಿದ್ದರು. ಅವರಿಗೆ ಜಪಾನಿ ಬರುತ್ತಿರಲಿಲ್ಲ! ಆ ಖಾತೆಯ ವಿಷಯ ಕೇಳಿದಾಗೆಲ್ಲ "ಅದು ಖಾಸಗಿ, ಯಾರೂ ನೋಡುವುದು ಅವನಿಗೆ ಇಷ್ಟವಿಲ್ಲ" ಎಂಬ ಉತ್ತರ ಬರುತ್ತಿತ್ತು, ಅದೂ ಮಿಜುಹಾರಾನ ಬಾಯಿಂದಲೇ. ಒಡೆಯನ ಮಾತು ಹೊರಗೆ ಹೋಗಬೇಕಾದರೂ, ಹೊರಗಿನ ಮಾತು ಒಡೆಯನಿಗೆ ಮುಟ್ಟಬೇಕಾದರೂ ಇದ್ದದ್ದು ಒಂದೇ ಬಾಗಿಲು. 2025ರ ಫೆಬ್ರವರಿಯಲ್ಲಿ ಆತನಿಗೆ 57 ತಿಂಗಳ ಸೆರೆವಾಸ ಆಯಿತು.

ನಂಬಿದವರೇ ಮೋಸ ಮಾಡಿದ ಕತೆಗಳು ಆಟದ ಲೋಕದಲ್ಲಿ ಬೇಕಾದಷ್ಟಿವೆ. ಜಮೈಕಾದ ಉಸೇನ್ ಬೋಲ್ಟ್ ಕಿಂಗ್‌ಸ್ಟನ್ನಿನ ಹೂಡಿಕೆ ಸಂಸ್ಥೆಯೊಂದರಲ್ಲಿ ಇಟ್ಟಿದ್ದ ಸುಮಾರು 1 ಕೋಟಿ 28 ಲಕ್ಷ ಡಾಲರಿನಲ್ಲಿ 2023ರ ಜನವರಿಯಲ್ಲಿ ಉಳಿದದ್ದು ಸುಮಾರು 12 ಸಾವಿರ. ನಮ್ಮ ರಾಹುಲ್ ದ್ರಾವಿಡ್ 2018ರಲ್ಲಿ ಬೆಂಗಳೂರಿನ ಸದಾಶಿವನಗರ ಠಾಣೆಗೆ ಹೋಗಿ, ಹೂಡಿಕೆ ಸಂಸ್ಥೆಯೊಂದರಿಂದ 4 ಕೋಟಿ ರೂಪಾಯಿ ಬರಬೇಕಿದೆ ಎಂದು ದೂರು ಕೊಟ್ಟರು. ಆ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಒಬ್ಬರು ಮಾಜಿ ಕ್ರೀಡಾ ಪತ್ರಕರ್ತ. ದಿನಾ ಮೈದಾನದಲ್ಲಿ ಕಾಣುವ ಮುಖ, ಅನುಮಾನ ಬರುವುದಾದರೂ ಹೇಗೆ? ಅಪರಿಚಿತರ ಕಾಟ ಬೇರೆ ಇದೆ. 2021ರ ಡಿಸೆಂಬರಿನಲ್ಲಿ ವಿನೋದ್ ಕಾಂಬ್ಳಿಗೆ ಕೆವೈಸಿ ನೆಪದಲ್ಲಿ ಕರೆ ಬಂತು. ಹೇಳಿದ ಆ್ಯಪ್ ಹಾಕಿಕೊಂಡರು, 1.14 ಲಕ್ಷ ಹೋಯಿತು. ಕೂಡಲೇ ಬ್ಯಾಂಕಿಗೂ ಪೊಲೀಸರಿಗೂ ತಿಳಿಸಿದ್ದರಿಂದ ಹಣ ಮರಳಿ ಬಂತು. ಊರಿನಲ್ಲಿ ಈಗ ಅಂಥ ದೂರಿಗೆ 1930 ಸಂಖ್ಯೆ ಇದೆ. ಮನೆಯ ಹಿರಿಯರ ಫೋನಿನಲ್ಲಿ ಅದನ್ನು ಹಾಕಿಕೊಡಿ.

ಈಗ ನಮ್ಮ ಹಳ್ಳಿ ಹುಡುಗರ ವಿಷಯಕ್ಕೆ ಬರೋಣ. 2014ರಲ್ಲಿ ಪ್ರೊ ಕಬಡ್ಡಿ ಶುರುವಾಯಿತು, 2023ರಲ್ಲಿ ಹೆಣ್ಣುಮಕ್ಕಳ ಪ್ರೀಮಿಯರ್ ಲೀಗ್. ಹತ್ತೊಂಬತ್ತು ಇಪ್ಪತ್ತರ ವಯಸ್ಸಿಗೆ ಖಾತೆಯಲ್ಲಿ ಒಮ್ಮೆಗೇ ಲಕ್ಷಗಟ್ಟಲೆ. ಶಿಬಿರ, ಪ್ರಯಾಣ ಅಂತ ವರ್ಷದಲ್ಲಿ ಅರ್ಧ ದಿನ ಮನೆಯಲ್ಲಿರುವುದಿಲ್ಲ. ಖಾತೆ ತೆರೆಸಿದವರು ಮಾವನೋ, ಕೋಚ್ ಸಾರೋ, ಪರಿಚಯದ ಏಜೆಂಟೋ. ಬ್ಯಾಂಕಿನ ಸಂದೇಶ ಬಂದರೂ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ, "ಸಾರ್, ಇದೇನು ನೋಡಿ" ಎಂದು ಫೋನನ್ನು ಇನ್ನೊಬ್ಬರ ಕೈಗೆ ಕೊಡುತ್ತಾರೆ. ಓಟಾನಿಯ ಕತೆ ಶುರುವಾದದ್ದೂ ಹೀಗೇ ಅಲ್ಲವೆ? ಅರ್ಜಿಗಳು ಹಿಂದಿ, ಇಂಗ್ಲಿಷಿನ ಜೊತೆ ಆಯಾ ರಾಜ್ಯದ ನುಡಿಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ 2015ರ ಸುತ್ತೋಲೆಯಲ್ಲಿ ಹೇಳಿತ್ತು. ಕನ್ನಡದಲ್ಲಿ ಬ್ಯಾಂಕ್ ಸೇವೆ ಕೇಳಿದರೆ ಭಾವುಕತೆ ಎಂದು ಮೂಗು ಮುರಿಯುವ ಗೆಳೆಯರು ನಮ್ಮಲ್ಲೇ ಇದ್ದಾರೆ. ನನಗಂತೂ ಇದು ಬೀಗದಷ್ಟೇ ಬೇಕಾದ ವಸ್ತು.

ಆಟಗಾರರ ಹಣ ನೋಡಿಕೊಳ್ಳುವವರು ನಿಮ್ಮ ಬಳಗದಲ್ಲಿದ್ದರೆ ಇಷ್ಟು ಹೇಳಿ. ಖಾತೆಯ ನಂಬರ್ ಮತ್ತು ಇಮೇಲ್ ಆಟಗಾರನದೇ ಇರಲಿ. ಲೆಕ್ಕ ನೋಡುವವರಿಗೆ ನೋಡುವ ಹಕ್ಕು ಸಾಕು, ಹಣ ಕಳಿಸುವ ಹಕ್ಕು ಬೇಡ. ದೊಡ್ಡ ಮೊತ್ತಕ್ಕೆ ಇಬ್ಬರ ಒಪ್ಪಿಗೆ ಬೇಕು, ಆ ಇಬ್ಬರು ಒಂದೇ ಮನೆಯವರಾಗದಿದ್ದರೆ ಮೇಲು. ಸ್ಟೇಟ್‌ಮೆಂಟನ್ನು ತಿಂಗಳಿಗೊಮ್ಮೆ ಆಟಗಾರನೇ ಕೂತು ಓದಲಿ, ಅರ್ಥವಾಗದಿದ್ದರೆ ಶಾಖೆಗೆ ಹೋಗಿ ಕನ್ನಡದಲ್ಲಿ ಕೇಳಲಿ.

ಇಷ್ಟೆಲ್ಲ ಬುದ್ಧಿ ಹೇಳುವ ನನ್ನ ಕತೆಯನ್ನೂ ಕೇಳಿ. ಹೋದ ಸಲ ಮೈಸೂರಿಗೆ ಹೋದಾಗ ನನ್ನ ಎನ್‌ಆರ್‌ಒ ಖಾತೆಯಲ್ಲಿದ್ದ ನಂಬರ್ ನೋಡಿದೆ. ಅದು ಭಾವನವರದು, ಅವರು ಬಿಟ್ಟು ಮೂರು ವರ್ಷವಾಗಿತ್ತು. ಬಿಟ್ಟ ನಂಬರನ್ನು 90 ದಿನದ ನಂತರ ಬೇರೆಯವರಿಗೆ ಕೊಡಬಹುದು. ಕರೆ ಮಾಡಿದೆ, ಗುರುತಿಲ್ಲದ ಹೆಂಗಸೊಬ್ಬರು ಎತ್ತಿದರು. "ಯಾವುದೋ ಬ್ಯಾಂಕಿನ ಮೆಸೇಜ್ ಬರ್ತಾ ಇರತ್ತೆ, ನಾನು ಅಳಿಸಿಬಿಡ್ತೀನಿ" ಅಂದರು. ನನ್ನ ಪುಣ್ಯ!

ಬಹಳಷ್ಟು ಬ್ಯಾಂಕುಗಳು ಈಗ ಎನ್‌ಆರ್‌ಐ ಖಾತೆಗೆ ಹೊರದೇಶದ ನಂಬರನ್ನೂ ಒಪ್ಪುತ್ತವೆ. ನಿಮ್ಮ ಖಾತೆಯಲ್ಲಿ ಯಾರ ನಂಬರ್ ಇದೆ ಎಂದು ಈ ಶನಿವಾರ ಒಮ್ಮೆ ನೋಡಿ. ಎಚ್ಚರಿಕೆಯ ಸಂದೇಶಗಳನ್ನು ಕನ್ನಡದಲ್ಲಿ ಕಳಿಸಿ ಎಂದು ನನ್ನ ಬ್ಯಾಂಕಿಗೆ ಕನ್ನಡದಲ್ಲೇ ಪತ್ರ ಬರೆದಿದ್ದೇನೆ. ಉತ್ತರ ಬಂದರೆ ಮುಂದಿನ ಸಂಚಿಕೆಯಲ್ಲಿ ತಿಳಿಸುತ್ತೇನೆ.