ಮರೆವಿನ ಕಾಯಿಲೆ: ಆರೈಕೆ ಮಾಡುವವರಿಗೂ ಆಸರೆ ಬೇಕು

'ಅರುವತ್ತಕ್ಕೆ ಅರಳು-ಮರಳು' ಎಂಬ ಗಾದೆ ನಮ್ಮಲ್ಲಿ ರೂಢಿಯಲ್ಲಿದೆ. ಈ ಗಾದೆಯ ಮರೆಯಲ್ಲಿ ನಮ್ಮ ಎಷ್ಟೋ ಮನೆಗಳ ಕಷ್ಟ ಅಡಗಿ ಕುಳಿತಿದೆ. ಪ್ರಾಯವಾದವರಿಗೆಲ್ಲ ಬುದ್ಧಿ ಕೆಡುವುದಿಲ್ಲ. ಕತ್ತಿ ಎಲ್ಲಿಟ್ಟೆನೆಂದು ಮರೆಯುವುದು ಪ್ರಾಯದ ಗುಣ. ಆದರೆ ನಲುವತ್ತು ವರ್ಷ ನಡೆದ ತೋಟದ ದಾರಿ ತಪ್ಪುವುದು, ಉಂಡ ಮರುಗಳಿಗೆಗೆ ಊಟ ಕೊಡಲಿಲ್ಲವೆಂದು ಜಗಳವಾಡುವುದು, ಹೆತ್ತ ಮಗಳನ್ನೇ 'ನೀನು ಯಾರು?' ಎಂದು ಕೇಳುವುದು ಮಿದುಳಿನ ಕಾಯಿಲೆಯ ಲಕ್ಷಣ. ವೈದ್ಯರು ಇದನ್ನು ಡಿಮೆನ್ಶಿಯಾ ಎನ್ನುತ್ತಾರೆ. ಇದರ ಹಲವು ವಿಧಗಳಲ್ಲಿ ಅಲ್ಜೈಮರ್ ಕಾಯಿಲೆಯೇ ಹೆಚ್ಚು. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ನೂರಕ್ಕೆ ಸುಮಾರು 7 ಮಂದಿಗೆ, ಒಟ್ಟಿನಲ್ಲಿ ಸುಮಾರು 88 ಲಕ್ಷ ಜನರಿಗೆ ಈ ತೊಂದರೆ ಇದೆ.

ರೋಗಿಯ ವಿಷಯ ಹಾಗಿರಲಿ. ಅವರನ್ನು ನೋಡಿಕೊಳ್ಳುವವರ ಗತಿಯೇನು? ಹೆಚ್ಚಾಗಿ ಆಕೆ ಆ ಮನೆಯ ಸೊಸೆ, ಇಲ್ಲವೆ ಮಗಳು, ಇಲ್ಲವೆ ತಾನೂ ಮುದುಕಿಯಾದ ಹೆಂಡತಿ. ಬೆಳಗ್ಗೆ ಹಟ್ಟಿಯ ಕೆಲಸ, ಅಂಗಳದಲ್ಲಿ ಒಣಹಾಕಿದ ಅಡಿಕೆ. ಸಂಜೆಯಾಗುತ್ತಲೇ ಅತ್ತೆಗೆ ಚಡಪಡಿಕೆ: 'ನನ್ನನ್ನು ಮನೆಗೆ ಕಳುಹಿಸಿ.' ರಾತ್ರಿ ನಿದ್ದೆಯಿಲ್ಲ. ಗಲ್ಫಿನಲ್ಲಿರುವ ಮಗ ಹಣ ಕಳುಹಿಸುತ್ತಾನೆ. ಹಣದಿಂದ ಮದ್ದು ಬರುತ್ತದೆ, ಪಕ್ಕದಲ್ಲಿ ಕುಳಿತುಕೊಳ್ಳುವ ಜನ ಬರುವುದಿಲ್ಲ. ಆಕೆ ಆದಿತ್ಯವಾರದ ಬಲಿಪೂಜೆಗೆ ಬಾರದೆ ತಿಂಗಳುಗಳಾಗಿರುತ್ತವೆ. ನಾವು ಮಾತ್ರ 'ಅವರು ಈಗೀಗ ಇಗರ್ಜಿಗೆ ಕಾಣುವುದಿಲ್ಲವಲ್ಲ' ಎಂದು ಆಡಿಕೊಳ್ಳುತ್ತೇವೆ.

ಪರಮ ಪೂಜ್ಯ ಪೋಪ್ ಫ್ರಾನ್ಸಿಸರು 2021ರಲ್ಲಿ ಆರಂಭಿಸಿದ ಅಜ್ಜ-ಅಜ್ಜಿಯಂದಿರ ಹಾಗೂ ಹಿರಿಯರ ದಿನವನ್ನು ಜುಲೈ ತಿಂಗಳ ನಾಲ್ಕನೇ ಆದಿತ್ಯವಾರ ಆಚರಿಸುತ್ತೇವೆ. ಹಿರಿಯರಿಗೆ ಹೂ ಕೊಡುವುದು ಒಳ್ಳೆಯದೇ. ಆದರೆ ಹೂ ತೆಗೆದುಕೊಳ್ಳಲು ಬರಲಾಗದ ಹಿರಿಯರೂ ಅವರನ್ನು ಬಿಟ್ಟು ಬರಲಾಗದ ಸೊಸೆಯಂದಿರೂ ನಮ್ಮ ವಾಳೆಗಳಲ್ಲಿಯೇ ಇದ್ದಾರೆ. ಅಂಥವರ ಮನೆಗೆ ಒಮ್ಮೆ ಬಿಸ್ಕೆಟ್ ಪೊಟ್ಟಣ ಹಿಡಿದು ಹೋಗಿ, 'ನನ್ನ ಗುರುತು ಸಿಕ್ಕಿತಾ?' ಎಂದು ರೋಗಿಯನ್ನು ಪರೀಕ್ಷೆ ಮಾಡಿ, 'ಇದು ನಿಮ್ಮ ಶಿಲುಬೆ, ತಾಳ್ಮೆಯಿಂದ ಹೊರಿ' ಎಂದು ಸೊಸೆಗೆ ಬುದ್ಧಿ ಹೇಳಿ ಬಂದರೆ ಅದು ಸಹಾಯವಲ್ಲ.

ಯೇಸುಸ್ವಾಮಿಯೂ ಶಿಲುಬೆಯನ್ನು ಒಬ್ಬರೇ ಹೊರಲಿಲ್ಲ. ಹೊಲದ ಕಡೆಯಿಂದ ಬರುತ್ತಿದ್ದ ಸಿರೇನಿನ ಸಿಮೋನ ಹೆಗಲು ಕೊಟ್ಟ. ಆತನೂ ಅಂದು ತನ್ನ ಕೆಲಸ ಬಿಟ್ಟೇ ಬಂದವನು. ಪುರುಸೊತ್ತಿಲ್ಲವೆಂದು ಹೇಳುವ ಕೃಷಿಕರಾದ ನಾವು ಇದನ್ನು ನೆನೆಯಬೇಕು. ಹಿಂದೆ ನೇಜಿ ನೆಡುವಾಗ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗುತ್ತಿದ್ದೆವು. ಆ ಪದ್ಧತಿಯನ್ನು ಈ ಕೆಲಸಕ್ಕೂ ತರಬಾರದೇಕೆ?

ನಮ್ಮ ಅಭಿಪ್ರಾಯ ಇಷ್ಟೇ. ಪ್ರತಿ ವಾಳೆಯಲ್ಲಿ ಇಂಥ ಮನೆ ಇದ್ದರೆ ನಾಲ್ಕು ಜನ ಸೇರಿ ಸರದಿ ಹಾಕಿಕೊಳ್ಳಲಿ. ವಾರಕ್ಕೊಮ್ಮೆ, ಹೇಳಿದ ದಿನ, ಹೇಳಿದ ಹೊತ್ತಿಗೆ ಒಬ್ಬರು ಎರಡು ಗಂಟೆ ಕುಳಿತರೆ ಸಾಕು. ಒಬ್ಬರಿಗೆ ತಿಂಗಳಲ್ಲಿ ಒಂದೇ ಸರದಿ ಬರುತ್ತದೆ. ಆದಿತ್ಯವಾರ ಮೊದಲ ಪೂಜೆಗೆ ಬಂದವರು ಆ ಮನೆಗೆ ಹೋಗಲಿ. ಮನೆಯಾಕೆ ಎರಡನೇ ಪೂಜೆಗೆ ಬರಲಿ. ಆಕೆ ಆ ಹೊತ್ತಿನಲ್ಲಿ ಪೇಟೆಗೆ ಹೋದರೂ ನಿದ್ದೆ ಮಾಡಿದರೂ ಯಾರೂ ಕೇಳಬಾರದು.

ಕುಳಿತುಕೊಳ್ಳುವವರು ಕೆಲವು ವಿಷಯ ತಿಳಿದಿರಬೇಕು. ನಿಮ್ಮ ಹೆಸರನ್ನು ನೀವೇ ಮೊದಲು ಹೇಳಿ. ವಾದ ಮಾಡಬೇಡಿ. ತೀರಿಹೋದ ತಾಯಿಯನ್ನು ಕೇಳಿದರೆ 'ನಿಮ್ಮಮ್ಮ ಏನೇನು ಅಡುಗೆ ಮಾಡುತ್ತಿದ್ದರು?' ಎಂದು ಮಾತು ತೆಗೆಯಿರಿ. ಕೈಗೆ ಹಿಡಿಸೂಡಿಯ ಕಡ್ಡಿಯೋ ಹೆಕ್ಕಲು ಅಡಿಕೆಯೋ ಕೊಡಿ. ಮಕ್ಕಳ ಹೆಸರು ಮರೆತವರೂ ಅನೇಕ ಸಲ ಬಾಲ್ಯದಲ್ಲಿ ಕಲಿತ ಜಪಮಾಲೆಯನ್ನು ತಪ್ಪದೆ ಹೇಳುತ್ತಾರೆ, ಜೊತೆಗೂಡಿ ಹೇಳಿರಿ.

ಕೃಷಿಕರ ಮನೆಯಲ್ಲಿ ಅಪಾಯಗಳೂ ಹೆಚ್ಚು. ಬಾವಿಗೆ ಕಟ್ಟೆ, ಕೆರೆಗೆ ಬೇಲಿ ಇದೆಯೇ ನೋಡಿ. ಮೈಲುತುತ್ತು, ಕಳೆನಾಶಕ, ಇಲಿಪಾಷಾಣಗಳನ್ನು ಬೀಗ ಹಾಕಿ ಇಡಿ. ಕಿಸೆಯಲ್ಲಿ ಹೆಸರು, ಫೋನ್ ನಂಬರಿನ ಚೀಟಿ ಇರಲಿ. ನೆರೆಯವರಿಗೆ, ರಿಕ್ಷಾದವರಿಗೆ ವಿಷಯ ತಿಳಿಸಿ. 'ಮನೆಯ ಗುಟ್ಟು ಊರಿಗೇಕೆ?' ಎಂದು ಮುಚ್ಚಿಟ್ಟರೆ, ದಾರಿ ತಪ್ಪಿದವರನ್ನು ಮನೆಗೆ ಮುಟ್ಟಿಸುವವರು ಯಾರು?

ಮರೆವು ಕಂಡೊಡನೆ ಮೊದಲು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಇದು ಶಾಪವಲ್ಲ, ದೆವ್ವದ ಕಾಟವೂ ಅಲ್ಲ. ಪ್ರಾರ್ಥನೆ ಬೇಕು, ಆದರೆ ಅದು ಚಿಕಿತ್ಸೆಯ ಬದಲಿಗಲ್ಲ. ಬಿ-12 ಜೀವಸತ್ವದ ಕೊರತೆ, ಥೈರಾಯಿಡ್ ತೊಂದರೆ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮರೆವು ಬರುವುದುಂಟು, ಅವಕ್ಕೆ ಮದ್ದಿದೆ. ಅಲ್ಜೈಮರ್ ಕಾಯಿಲೆ ಪೂರ್ತಿ ಗುಣವಾಗದಿದ್ದರೂ ರೋಗಿಯ ಕಷ್ಟವನ್ನು ತಗ್ಗಿಸಬಹುದು. ನಮ್ಮ ಕೇರಳದಲ್ಲಿ 2008ರ ಸರಕಾರಿ ಧೋರಣೆಯ ನಂತರ ಪಂಚಾಯತುಗಳ ಮೂಲಕ ಹಾಸಿಗೆ ಹಿಡಿದವರ ಮನೆಗೆ ಪಾಲಿಯೇಟಿವ್ ನರ್ಸುಗಳು ಬರುವ ವ್ಯವಸ್ಥೆಯಾಗಿದೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ. ಕರೆಗೆ ಹಣ ಬೇಡ.

ತಂದೆಯ ಬುದ್ಧಿ ಮಂದವಾದಾಗಲೂ ಮಗ ತಾಳ್ಮೆ ತಪ್ಪಬಾರದೆಂದು ಸಿರಾಖನ ಗ್ರಂಥದ 3ನೇ ಅಧ್ಯಾಯ ತಿಳಿಸುತ್ತದೆ. ತಾಳ್ಮೆ ಉಳಿಯಬೇಕಾದರೆ ನಿದ್ದೆ ಬೇಕು, ಬಿಡುವು ಬೇಕು. ಅದನ್ನು ಕೊಡುವುದು ನಮ್ಮ ಕೈಯಲ್ಲಿದೆ. ಮುಂದಿನ ತಿಂಗಳ ಮೊದಲ ಆದಿತ್ಯವಾರದೊಳಗೆ ವಾಳೆಯ ಗುರಿಕಾರರು ಇಂಥ ಮನೆಗಳಿಗೆ ಹೋಗಿ, ಮನೆಯವರ ಒಪ್ಪಿಗೆ ಪಡೆದು, ಯಾವ ದಿನ ಯಾವ ಹೊತ್ತಿಗೆ ಜನ ಬೇಕೆಂದು ಕೇಳಿ ಬರೆದು ತರಲಿ. ಮೊದಲ ಸರದಿಗೆ ನಮ್ಮ ಹೆಸರನ್ನೇ ಬರೆದುಕೊಳ್ಳಿ.