ಕೈ ನಮ್ಮದು, ನಕ್ಷೆ ಯಾರದು?

ವಿಹಾರನೌಕೆ ಎಂದ ಕೂಡಲೇ ನಮ್ಮಲ್ಲಿ ಹಲವರು ಮುಖ ತಿರುಗಿಸುತ್ತಾರೆ. ಅದು ಕೋಟ್ಯಧೀಶರ ಆಟದ ಸಾಮಾನು, ಮರವಂತೆಯ ಕಡಲ ತಡಿಯಲ್ಲಿ ಬಲೆ ಒಣಗಿಸುವವನಿಗೂ ಅದಕ್ಕೂ ಎಲ್ಲಿಯ ಸಂಬಂಧ ಎಂಬುದು ಅವರ ವಾದ. ಮೇಲುನೋಟಕ್ಕೆ ಈ ವಾದ ಸರಿಯಾಗಿಯೇ ತೋರುತ್ತದೆ. ಆದರೆ ನೌಕೆಯನ್ನು ಏರುವವನನ್ನು ಬಿಟ್ಟು ಅದನ್ನು ಕಟ್ಟುವವನ ಕಡೆಗೆ ತಿರುಗಿದರೆ ಸಂಬಂಧ ಕಾಣತೊಡಗುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ನದೀಮುಖಗಳಲ್ಲಿ ಮೀನುಗಾರನಿಗೆ ದೋಣಿ ಕಟ್ಟುವ ಆಚಾರಿಯೂ, ಹಾಲೆಂಡ್ ದೇಶದಲ್ಲಿ ಕುಬೇರರಿಗೆ ನೌಕೆ ಕಟ್ಟುವ ಮನೆತನದವರೂ ಒಂದೇ ವೃತ್ತಿಯ ಎರಡು ಕವಲುಗಳು. ಒಂದು ಕವಲು ಹೂ ಬಿಟ್ಟಿತು, ಇನ್ನೊಂದು ಒಣಗುತ್ತಿದೆ. ಹೀಗೇಕಾಯಿತೆಂದು ವಿಚಾರ ಮಾಡುವುದು ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯವೆಂದು ನಾನು ಭಾವಿಸುತ್ತೇನೆ.

ಮೊದಲು ನಮ್ಮ ಕವಲಿನ ಮಾತು. 14ನೆಯ ಶತಮಾನದ ನಡುಗಾಲದಲ್ಲಿ ಈ ಕರಾವಳಿಯಲ್ಲಿ ಹಾದುಹೋದ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತನು ಬಸರೂರನ್ನು 'ಅಬೂ ಸರೂರ್' ಎಂದೂ ಬಾರಕೂರನ್ನು 'ಫಾಕನೂರ್' ಎಂದೂ ಹೆಸರಿಸಿದ್ದಾನೆ. ಆ ಕಾಲದಲ್ಲಿ ಹಿಂದೂಸ್ಥಾನದ ಹಡಗುಗಳ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಇದಕ್ಕೆ ಕಾರಣವನ್ನೂ ಅವನೇ ಕೊಟ್ಟಿದ್ದಾನೆ: ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆದುಹೋಗುತ್ತದೆ, ಹೊಲಿದ ಹಡಗು ತುಸು ಬಳುಕಿ ಉಳಿದುಕೊಳ್ಳುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಜನರು ವಸ್ತುಗಳ ಗುಣವನ್ನು ಹೀಗೆ ಅರಿತು ಬಳಸಿದ್ದು ವಿಜ್ಞಾನವಲ್ಲದೆ ಮತ್ತೇನು?

ಬಸರೂರಿನ ಅಕ್ಕಿಯ ಆಸೆಗೆ ಮುಂದೆ ಯಾರುಯಾರೋ ಬಂದರು. 1569ರಲ್ಲಿ ಪೋರ್ತುಗೀಸರು ಅದನ್ನು ಹಿಡಿದರು. 1665ರಲ್ಲಿ ಶಿವಾಜಿಯು ಕಡಲ ಮಾರ್ಗದಿಂದ ಬಂದು ಸೂರೆಮಾಡಿದನು. ಅದೇ ಶತಮಾನದಲ್ಲಿ ಹಾಲೆಂಡಿನ ಡಚ್ಚರೂ ಅಲ್ಲಿ ವ್ಯಾಪಾರದ ಕೋಠಿ ಇಟ್ಟುಕೊಂಡಿದ್ದರು. ಈ ಡಚ್ಚರೇ ನಮ್ಮ ಪ್ರಕೃತ ವಿಷಯಕ್ಕೆ ಸೇತುವೆ. ಇಂದು ಲೋಕವೆಲ್ಲ ವಿಹಾರನೌಕೆಗೆ 'ಯಾಟ್' ಎನ್ನುತ್ತದೆಯಷ್ಟೆ. ಅದು ಡಚ್ ಭಾಷೆಯ ಮಾತು. ಬೇಟೆ ಎಂಬುದು ಅದರ ಮೂಲಾರ್ಥ. ಶತ್ರುಗಳನ್ನು ಬೆನ್ನಟ್ಟುವ ಚಿಕ್ಕ, ಚುರುಕು ಹಾಯಿಹಡಗಿಗೆ ಆ ಹೆಸರಿತ್ತು. 1660ರಲ್ಲಿ ಆಮ್‌ಸ್ಟರ್‌ಡಾಮ್ ನಗರದವರು ಅಂಥದೊಂದನ್ನು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಗೆ ಕಾಣಿಕೆ ಕೊಟ್ಟರು. ದೊರೆಗೆ ರುಚಿ ಹತ್ತಿತು. ಅರಸನ ವಿನೋದ ಸಿರಿವಂತರ ವಿನೋದವಾಯಿತು.

ಡಚ್ಚರಿಗೆ ಈ ವಿದ್ಯೆ ದೇವರು ಕೊಟ್ಟ ವರವಾಗಿ ಬಂದುದಲ್ಲ. 1697ರಲ್ಲಿ ರಷ್ಯದ ಚಕ್ರವರ್ತಿ ಪೀಟರನು ಹಡಗು ಕಟ್ಟುವುದನ್ನು ಕಲಿಯಲು ಆಮ್‌ಸ್ಟರ್‌ಡಾಮಿಗೆ ಹೋಗಿ ಬಡಗಿಗಳ ಜೊತೆ ಕೊಡಲಿ ಹಿಡಿದು ದುಡಿದನು. ಕೈಕೆಲಸವನ್ನು ಕಲಿತನು. ಆದರೆ ಅಲ್ಲಿಯ ಮೇಸ್ತ್ರಿಗಳು ಕಣ್ಣಳತೆಯಿಂದಲೂ ರೂಢಿಯಿಂದಲೂ ಕಟ್ಟುತ್ತಿದ್ದರೇ ಹೊರತು ರೇಖೆಗಳಲ್ಲಿ ಬರೆದು ಲೆಕ್ಕ ಹಾಕಿ ತೋರಿಸಲಾರದೆ ಹೋದರು. ಆ ಶಾಸ್ತ್ರಕ್ಕಾಗಿ ಅವನು ಮರುವರ್ಷ ಇಂಗ್ಲೆಂಡಿಗೆ ಹೋಗಬೇಕಾಯಿತು. ಎಂದರೆ ಸುಮಾರು 330 ವರ್ಷಗಳ ಹಿಂದೆ ಡಚ್ ಮೇಸ್ತ್ರಿಯೂ ನಮ್ಮ ಗಂಗೊಳ್ಳಿಯ ಮೇಸ್ತ್ರಿಯೂ ಒಂದೇ ಮೆಟ್ಟಿಲ ಮೇಲೆ ನಿಂತಿದ್ದರು. ಆಮೇಲೆ ಡಚ್ಚನು ಕಣ್ಣಿನಲ್ಲಿದ್ದುದನ್ನು ಕಾಗದಕ್ಕೆ ಇಳಿಸಲು ಕಲಿತನು.

ಹಾಲೆಂಡಿನಲ್ಲಿ ಕಾಗ್ ಎಂಬ ದ್ವೀಪವಿದೆ. ನಮ್ಮ ಉಪ್ಪಿನಕುದ್ರುವಿನಂತೆ ನೀರಿನ ನಡುವಣ ಊರು. ಅಲ್ಲಿ 1849ರಲ್ಲಿ ಒಂದು ಮನೆತನದವರು ಸಣ್ಣದೊಂದು ದೋಣಿಕಟ್ಟೆಯನ್ನು ಕೊಂಡರು. 1906ರಲ್ಲಿ ಆಲ್ಸ್‌ಮೇರ್ ಎಂಬಲ್ಲಿ ಡಿ ವ್ರೀಸ್ ಮನೆತನದವರು ಮತ್ತೊಂದನ್ನು ತೆರೆದರು. ಎರಡನೆಯ ಮಹಾಯುದ್ಧ ಯೂರೋಪನ್ನು ಬಡವಾಗಿಸಿದ ಮೇಲೆ, ಒಬ್ಬೊಬ್ಬರೇ ಬದುಕಲಾರೆವೆಂದು ಕಂಡು, 1949ರಲ್ಲಿ ಇಂಥ ಕೆಲವು ಮನೆತನಗಳು ಕೂಡಿ ಪರದೇಶಕ್ಕೆ ನೌಕೆ ಮಾರಲು ಒಂದು ಸಂಘ ಕಟ್ಟಿದವು. ಅದರ ಹೆಸರು ಫೆಡ್‌ಶಿಪ್. ಇಂದು ಜಗತ್ತಿನ ಅತ್ಯಂತ ಬೆಲೆಬಾಳುವ ವಿಹಾರನೌಕೆಗಳಿಗೆ ಆ ಹೆಸರೇ ಮುದ್ರೆ. 2024ರಲ್ಲಿ ಅವರು ನೀರಿಗಿಳಿಸಿದ ಒಂದು ನೌಕೆ ಸುಮಾರು 119 ಮೀಟರ್ ಉದ್ದ. ಅದರಲ್ಲಿ ಜಲಜನಕದಿಂದ ವಿದ್ಯುತ್ತನ್ನು ಪಡೆಯುವ ಏರ್ಪಾಡಿದೆ. ಸಿರಿವಂತನ ಹಣ ಇಲ್ಲಿ ಹೊಸ ಶೋಧಕ್ಕೆ ಗೊಬ್ಬರವಾಯಿತು. ಆಟದ ಸಾಮಾನೆಂದು ನಾವು ಹಳಿಯುವ ವಸ್ತುವಿನಿಂದ ಎಷ್ಟು ಕುಶಲಕರ್ಮಿಗಳ ಒಲೆ ಉರಿಯುತ್ತದೆಂಬುದನ್ನೂ ಎಣಿಸಬೇಕಲ್ಲವೇ?

ಈಗ ನಮ್ಮ ಹೊಳೆಯ ದಡಕ್ಕೆ ಮರಳೋಣ. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ನದಿಗಳು ಕೂಡಿ ಕಡಲು ಸೇರುವ ಗಂಗೊಳ್ಳಿಯಲ್ಲಿ ದೋಣಿಗಳನ್ನು ದಡಕ್ಕೆಳೆದು ರಿಪೇರಿ ಮಾಡುವುದನ್ನು ನಾನು ಎಳವೆಯಿಂದ ನೋಡುತ್ತ ಬಂದಿದ್ದೇನೆ. ಅಡಿಮರವನ್ನು ಇಟ್ಟು, ಪಕ್ಕೆಲುಬುಗಳನ್ನು ನಿಲ್ಲಿಸಿ, ಹಲಗೆಯನ್ನು ಬಗ್ಗಿಸಿ ಕೂಡಿಸಿ, ಸಂದುಗಳಿಗೆ ಹತ್ತಿ ತುರುಕಿ ಎಣ್ಣೆ ರಾಳ ಬಳಿಯುವ ಈ ಕೆಲಸದಲ್ಲಿ ಒಂದು ಕೂದಲೆಳೆಯಷ್ಟು ತಪ್ಪಿದರೂ ಕಡಲು ಕ್ಷಮಿಸದು. "ಇದರ ಚಿತ್ರ ಬರೆದಿಟ್ಟುಕೊಳ್ಳುವುದಿಲ್ಲವೇ?" ಎಂದು ವಯಸ್ಸಾದ ಮೇಸ್ತ್ರಿಯೊಬ್ಬರನ್ನು ಕೇಳಿದೆ. ಅವರು ನಕ್ಕು, "ಮಾಣಿ, ಕಾಗ್ದದ ಮೇಲ್ ದೋಣಿ ತೇಲತ್ತಾ? ಅಳ್ತಿ ಕಣ್ಣಗೆ ಇರ್ಕ್" ಎಂದರು. ಮಾತು ಚೆನ್ನಾಗಿದೆ. ಆದರೆ ಆ ಕಣ್ಣು ಮುಚ್ಚಿದ ದಿನ ಅಳತೆಯೂ ಮುಚ್ಚಿಹೋಗುತ್ತದೆ. ಅವರ ಮಕ್ಕಳಲ್ಲಿ ಒಬ್ಬರೂ ಉಳಿ ಹಿಡಿಯಲಿಲ್ಲ. ಇಬ್ಬರೂ ಬೆಂಗಳೂರಿನ ಹೋಟೆಲು ಸೇರಿದ್ದಾರೆ.

ನಾಡದೋಣಿಗಳು ಫೈಬರಿನವಾದುವು, ದೊಡ್ಡ ಬೋಟುಗಳಿಗೆ ಉಕ್ಕು ಬಂದಿತು. ಇದಕ್ಕಾಗಿ ಮೀನುಗಾರನನ್ನು ದೂರುವಂತಿಲ್ಲ. ಫೈಬರ್ ಹಗುರ, ಅದಕ್ಕೆ ಹುಳ ಹಿಡಿಯದು. ಮರವಾದರೋ ಕಾಣಸಿಗುವುದೇ ದುರ್ಲಭ, ಸಿಕ್ಕರೂ ಬೆಲೆ ಗಗನಕ್ಕೇರಿದೆ. ಉಪ್ಪುಂದದ ಅಥವಾ ಕೋಡಿಬೆಂಗ್ರೆಯ ಮೀನುಗಾರನು ನಮ್ಮ ಸಂಸ್ಕೃತಿಯನ್ನು ಕಾಪಾಡುವುದಕ್ಕಾಗಿ ಸಾಲಮಾಡಿ ಮರದ ದೋಣಿ ಕೊಳ್ಳಲಿ ಎಂದು ಹೇಳುವುದು ಹೊಟ್ಟೆ ತುಂಬಿದವರ ಉಪದೇಶ. ಮರದ ಕೆಲಸಕ್ಕೆ ತಕ್ಕ ಬೆಲೆ ಕೊಡಬಲ್ಲ ಗಿರಾಕಿ ಬೇರೆ. ಅವನೇ ವಿಹಾರಕ್ಕೆ ಬರುವವನು. ಅವನು ಈಗಾಗಲೇ ಬಂದೂ ಆಗಿದೆ. ಸಾಲಿಗ್ರಾಮದ ಬಳಿ ಪಾರಂಪಳ್ಳಿಯ ಹೊಳೆಯಲ್ಲಿ, ಕಾಂಡ್ಲಾ ಗಿಡಗಳ ನಡುವೆ, ಹಣ ಕೊಟ್ಟು ಹುಟ್ಟು ಹಾಕುತ್ತಾನೆ. ಆದರೆ ಅವನು ಕುಳಿತುಕೊಳ್ಳುವುದು ಪ್ಲಾಸ್ಟಿಕ್ಕಿನ ಕಯಾಕಿನಲ್ಲಿ.

ನಮ್ಮ ಕೈಗೆ ಶಕ್ತಿಯಿಲ್ಲವೆಂದು ಯಾರೂ ಹೇಳುವಂತಿಲ್ಲ. ನೆರೆಯ ಗೋವೆಯ ದಿವಾಡಿ ದ್ವೀಪದ ಒಂದು ಚಿಕ್ಕ ಕಾರ್ಖಾನೆಯಲ್ಲಿ 'ಮಾದೇಯಿ' ಎಂಬ 56 ಅಡಿಯ ಹಾಯಿನೌಕೆ ತಯಾರಾಗಿ 2009ರಲ್ಲಿ ನೌಕಾದಳಕ್ಕೆ ಸೇರಿತು. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ನದಿಯ ಹೆಸರೇ ಅದಕ್ಕೆ. ಅದರಲ್ಲಿ ದಿಲೀಪ್ ದೊಂದೆಯವರು ಒಬ್ಬರೇ ಭೂಮಂಡಲವನ್ನು ಸುತ್ತಿ 2010ರಲ್ಲಿ ಮರಳಿದರು. ಅದರ ತಂಗಿ 'ತಾರಿಣಿ'ಯಲ್ಲಿ 2017-18ರಲ್ಲಿ 6 ಮಂದಿ ಮಹಿಳಾ ಅಧಿಕಾರಿಗಳು ಅದೇ ಸಾಹಸ ಮಾಡಿದರು. ಇನ್ನು ನಮ್ಮ ಮಲ್ಪೆಯಲ್ಲಿ ಕೊಚ್ಚಿನ್ ಶಿಪ್‌ಯಾರ್ಡಿನವರು 2020ರಲ್ಲಿ ವಹಿಸಿಕೊಂಡ ಹಡಗುಕಟ್ಟೆಗೆ ನಾರ್ವೆಯ ವಿಲ್ಸನ್ ಕಂಪೆನಿಯಿಂದ 2023ರಲ್ಲಿ 3,800 ಟನ್ನಿನ 6 ಸರಕುಹಡಗುಗಳ ಬೇಡಿಕೆ ಬಂದಿತು. 1952ರಲ್ಲಿ ಇದೇ ನಾರ್ವೆಯವರು ನಮ್ಮ ಮೀನುಗಾರರಿಗೆ ಯಂತ್ರದ ದೋಣಿ ಕಲಿಸಲು ಕೇರಳಕ್ಕೆ ಬಂದಿದ್ದರು. ಅಂದು ಕಲಿಸಿದವರು ಇಂದು ಕೊಳ್ಳುವವರಾಗಿದ್ದಾರೆ.

ಹೆಮ್ಮೆ ಪಡೋಣ, ಆದರೆ ಒಂದು ಮಾತನ್ನು ಮರೆಯದಿರೋಣ. 'ಮಾದೇಯಿ'ಯ ನಕ್ಷೆ ಡಚ್ಚರದು. ಮಲ್ಪೆಯಲ್ಲಿ ಕಟ್ಟುವ ಆ ಸರಕುಹಡಗುಗಳ ವಿನ್ಯಾಸವೂ ಡಚ್ಚರದೇ. ಹಿಂದೆ ಬಸರೂರಿನಿಂದ ಅಕ್ಕಿ ಒಯ್ದವರಿಂದ ಇಂದು ನಾವು ಗೆರೆಗಳನ್ನು ಕೊಳ್ಳುತ್ತೇವೆ. ಬೆವರಿಗೆ ಕೂಲಿ ಸಿಗುತ್ತದೆ, ಗೆರೆಗೆ ಸಂಭಾವನೆ ಸಿಗುತ್ತದೆ. ಎರಡರ ಅಂತರ ಎಷ್ಟೆಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ.

ಕಣ್ಣೂ ಕಾಗದವೂ ಕೂಡಬಲ್ಲವೆಂಬುದಕ್ಕೆ ಹತ್ತಿರದ ನಿದರ್ಶನವೊಂದಿದೆ. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾದಳಕ್ಕೆ ಸೇರಿದ 'ಕೌಂಡಿನ್ಯ'ವು ಹೊಲಿದ ಹಡಗು. ಅಜಂತೆಯ ಚಿತ್ರವೊಂದೇ ಅದಕ್ಕೆ ಆಧಾರ. ಹಲಗೆಗಳನ್ನು ನಾರಿನ ಹುರಿಯಿಂದ ಹೊಲಿದವರು ಕೇರಳದ ಕುಶಲಿಗಳು. ಮಾದರಿ ಮಾಡಿ ನೀರಿನಲ್ಲಿ ಪರೀಕ್ಷಿಸಿದವರು ಮದರಾಸಿನ ಐ.ಐ.ಟಿ.ಯ ಪಂಡಿತರು. ಅದರ ಹಾಯಿಯ ಮೇಲೆ ನಮ್ಮ ಗಂಡಭೇರುಂಡವಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಅದು ಪೋರಬಂದರದಿಂದ ಮಸ್ಕತಿಗೆ ಹೊರಟಿತು. ಆಚಾರಿಯನ್ನೂ ಪ್ರಾಧ್ಯಾಪಕರನ್ನೂ ಒಂದೇ ಜಗಲಿಯಲ್ಲಿ ಕೂರಿಸಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಕಲಾ ಕಾಲೇಜಿನವರಾದ ನಾವು ಮಾಡತಕ್ಕದ್ದೇನು? ಹಡಗಿನ ವಿನ್ಯಾಸಶಾಸ್ತ್ರ ಕಲಿಯಲು ಕೊಚ್ಚಿಗೋ ಮದರಾಸಿಗೋ ಖರಗಪುರಕ್ಕೋ ಹೋಗಬೇಕು. ಅದು ನಮ್ಮ ಪಾಠಪಟ್ಟಿಯಲ್ಲಿ ಇಲ್ಲ, ನಿಜ. ಆದರೆ ಅಳೆಯುವುದು, ಕೇಳುವುದು, ಬರೆದಿಡುವುದು ನಮ್ಮ ಪಾಠಪಟ್ಟಿಯಲ್ಲಿಯೇ ಇದೆ. ಜೂನ್ ಮತ್ತು ಜುಲೈ ತಿಂಗಳಲ್ಲಿ ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ. ಅವು ದಡದಲ್ಲಿ ಸುಮ್ಮನೆ ನಿಂತಿರುತ್ತವೆ. ಆ ದಿನಗಳಲ್ಲಿ ವರ್ಷಕ್ಕೆ ಒಂದೇ ಒಂದು ಹಳೆಯ ಮರದ ದೋಣಿಯನ್ನು ಆರಿಸಿಕೊಂಡು, ಅದರ ಉದ್ದ, ಅಗಲ, ಆಳ, ಪಕ್ಕೆಲುಬುಗಳ ನಡುವಣ ಅಂತರ, ಬಳಸಿದ ಮರದ ಜಾತಿ ಇವಿಷ್ಟನ್ನು ಇತಿಹಾಸ ಮತ್ತು ಭೂಗೋಳದ ವಿದ್ಯಾರ್ಥಿಗಳು ಬರೆದುಕೊಳ್ಳಲಿ. ದೋಣಿಯ ಒಂದೊಂದು ಅಂಗಕ್ಕೂ ಆಚಾರಿಗಳು ಹೇಳುವ ಹೆಸರನ್ನು ಕನ್ನಡದ ವಿದ್ಯಾರ್ಥಿಗಳು ಸಂಗ್ರಹಿಸಲಿ. ನಿಘಂಟಿಗೆ ಇನ್ನೂ ಏರದ ಮಾತುಗಳು ಅಲ್ಲಿ ಎಷ್ಟಿವೆಯೋ! ಗೆರೆ ಎಳೆಯಬಲ್ಲವರು ಚಿತ್ರ ಬರೆಯಲಿ. ಆ ಹಾಳೆಗಳು ನಮ್ಮ ಗ್ರಂಥಾಲಯದಲ್ಲಿ ಉಳಿಯಲಿ. ಹತ್ತು ವರ್ಷಕ್ಕೆ ಹತ್ತು ದೋಣಿಗಳಾದುವು. ಇದಕ್ಕೆ ಸರಕಾರದ ಅನುದಾನ ಬೇಡ; ಒಂದು ಅಳತೆಪಟ್ಟಿ, ಒಂದು ಹಾಳೆಪುಸ್ತಕ, ಜೊತೆಗೆ ಬರಲು ಒಪ್ಪುವ ಒಬ್ಬ ಅಧ್ಯಾಪಕರು ಸಾಕು.

ನಾಳೆ ನಮ್ಮ ಊರಿನ ಹುಡುಗಿಯೊಬ್ಬಳು ಕೊಚ್ಚಿಯಲ್ಲಿ ನೌಕಾವಿನ್ಯಾಸ ಕಲಿತು ಬಂದರೆ, ತೆರೆದು ನೋಡಲು ಅವಳಿಗೆ ತನ್ನವರ ಗೆರೆಗಳಿರಬೇಕು. ಕೈಯಂತೂ ಇಲ್ಲಿ ಇದ್ದೇ ಇದೆ. ಅದು ಇರುವಾಗಲೇ ಅಳತೆಪಟ್ಟಿ ಹಿಡಿದು ಹೊಳೆಯ ದಡಕ್ಕೆ ಹೋಗೋಣ.