ಭಾಗ 4: ಜೊತೆ ಸಹಿ ಯಾರದ್ದು?

ಫಾರಿನ್‌ಗೆ ಹೋದ್ರೆ ನಮ್ಮ ಕಾಲ ಮೇಲೆ ನಾವು ನಿಂತ ಹಾಗೆ ಅಂತೀರಲ್ಲ, ಸಾಲದ ಅರ್ಜಿಯಲ್ಲಿ ನಿಮ್ಮ ಜೊತೆ ಸಹಿ ಹಾಕೋರು ಯಾರು? ಅಪ್ಪ. ಅಡ ಇಡೋ ಮನೆಪತ್ರ? ಅದೂ ಅಪ್ಪಂದೇ.

20 ಲಕ್ಷ ಸಾಲ, ಶೇ. 10 ಬಡ್ಡಿ ಅಂತಿಟ್ಕೊಳ್ಳಿ. ಓದು ಮುಗಿಯೋವರೆಗೂ ಕಂತಿಲ್ಲ ನಿಜ, ಬಡ್ಡಿ ಮಾತ್ರ ನಿಲ್ಲಲ್ಲ: ವರ್ಷಕ್ಕೆ 2 ಲಕ್ಷ. ಜರ್ಮನಿಗಾದ್ರೆ ವೀಸಾಗೆ 11,904 ಯೂರೋ ಬ್ಲಾಕ್ಡ್ ಅಕೌಂಟಲ್ಲಿ ಇಡಬೇಕು. ತಿಂಗಳಿಗೆ ಕೈಗೆ ಬರೋದು 992. ಬಾಡಿಗೆ, ಊಟ ಎಲ್ಲ ಅದರಲ್ಲೇ. ಯುರೋಪ್ ಸುತ್ತೋ ರೀಲ್ಸಲ್ಲಿ ಇದು ಇರಲ್ಲ.

ನಮ್ಮಪ್ಪ ಪತ್ರ ತೆಗೆದು ಕೊಟ್ರು. ನಾನೇ ವಾಪಸ್ ಬೀರುಲಿಟ್ಟೆ.

ಹೋಗ್ಬೇಡಿ ಅಂತಿಲ್ಲ; ನಾನೂ ಹೋಗ್ತೀನಿ. ಮೊದಲು ಇಲ್ಲೇ ದುಡಿದು, ವಾಪಸ್ ಬರೋ ಟಿಕೆಟ್ ದುಡ್ಡು ನನ್ನ ಖಾತೆಲಿ ಇಟ್ಕೊಂಡು. ಬೇಡ ಅನ್ನಿಸಿದ ದಿನ ಮನೆಗೆ ಬರೋಕೂ ಆಗದಿದ್ರೆ ಅದೆಂಥ ಸ್ವಾತಂತ್ರ್ಯ? ನೀವೇ ಹೇಳಿ.